ಮೀನಿನ ರೋಗನಿರೋಧಕ ವಂಶವಾಹಿಗಳು: ಕಾಪಾಡಬೇಕಾದ ಬಂಡವಾಳ

ಕೊಳ ಒಂದೇ, ನೀರು ಮತ್ತು ಆಹಾರಗಳೂ ಒಂದೇ. ಆದರೂ ರೋಗ ಹರಡಿದಾಗ ಕೆಲವು ಮೀನುಗಳು ಸಾಯುತ್ತವೆ, ಕೆಲವು ಉಳಿಯುತ್ತವೆ. ಈ ವ್ಯತ್ಯಾಸಕ್ಕೆ ವಂಶವಾಹಿಗಳೂ ಒಂದು ಕಾರಣ. ಮೀನುಮರಿ ಉತ್ಪಾದನೆ, ಮಾರಾಟ ಹಾಗೂ ಸಾಕಣೆಯಲ್ಲಿ ತೊಡಗಿರುವ ಉದ್ಯಮಿಗಳು ಈ ವಿಷಯವನ್ನು ಅರಿತಿರುವುದು ಲಾಭದಾಯಕ.

ವೈವಿಧ್ಯದ ಮಹತ್ವ

ಎಂ.ಎಚ್.ಸಿ. ಎಂಬ ವಂಶವಾಹಿಗಳ ಗುಂಪು ರೂಪಿಸುವ ಪ್ರೋಟೀನುಗಳು ರೋಗಾಣುವಿನ ತುಣುಕುಗಳನ್ನು ಜೀವಕೋಶದ ಹೊರಮೈಯಲ್ಲಿ ಹಿಡಿದು, ದೇಹದ ರಕ್ಷಕ ಕೋಶಗಳಿಗೆ ತೋರಿಸುತ್ತವೆ. ಪ್ರತಿಯೊಂದು ರೂಪದ ಪ್ರೋಟೀನು ಕೆಲವು ಬಗೆಯ ತುಣುಕುಗಳನ್ನಷ್ಟೇ ಹಿಡಿಯಬಲ್ಲದು. ಆದುದರಿಂದ ತಂದೆತಾಯಿಗಳಿಂದ ಭಿನ್ನ ರೂಪಗಳನ್ನು ಪಡೆದ ಮೀನು ಹೆಚ್ಚು ಬಗೆಯ ರೋಗಾಣುಗಳನ್ನು ಗುರುತಿಸುವ ಸಾಧ್ಯತೆಯುಂಟು. ಇಡೀ ಸಂತತಿಯಲ್ಲಿ ಹಲವು ರೂಪಗಳಿದ್ದರೆ ಒಂದೇ ರೋಗಕ್ಕೆ ಎಲ್ಲವೂ ಬಲಿಯಾಗುವ ಸಂಭವ ಕಡಿಮೆ. ಸಾಲ್ಮನ್ ಮೀನುಗಳನ್ನು ಕುರಿತು 2003ರಲ್ಲಿ ಪ್ರಕಟವಾದ ನಾರ್ವೆಯ ಸಂಶೋಧನೆಯಲ್ಲಿ, ಕೆಲವು ಎಂ.ಎಚ್.ಸಿ. ರೂಪಗಳಿಗೂ ರೋಗದಿಂದ ಬದುಕುಳಿಯುವ ಪ್ರಮಾಣಕ್ಕೂ ಸಂಬಂಧವಿರುವುದು ಕಂಡುಬಂದಿತು.

ನಷ್ಟವಾಗುವ ಬಗೆ

ಗೆಂಡೆ ಜಾತಿಯ ಒಂದು ಹೆಣ್ಣು ಮೀನು ಲಕ್ಷಗಟ್ಟಲೆ ಮೊಟ್ಟೆಯಿಡುತ್ತದೆ. ಹೀಗಾಗಿ ಕೆಲವೇ ಜೋಡಿಗಳಿಂದ ವರ್ಷದ ಬೇಡಿಕೆಯನ್ನು ಪೂರೈಸಬಹುದು. ಖರ್ಚು ಉಳಿಯುತ್ತದೆ, ಆದರೆ ಅವುಗಳ ಮರಿಗಳನ್ನೇ ಮುಂದಿನ ತಾಯಿಮೀನುಗಳನ್ನಾಗಿ ಇರಿಸಿಕೊಂಡಾಗ ರಕ್ತಸಂಬಂಧಿಗಳೇ ಕೂಡಿ, ವಂಶವಾಹಿಗಳ ಅಪರೂಪದ ರೂಪಗಳು ಅಳಿಯುತ್ತವೆ. ಕರ್ನಾಟಕದ ಮರಿ ಉತ್ಪಾದನಾ ಕೇಂದ್ರಗಳನ್ನು ಕುರಿತು 1990ರಲ್ಲಿ ಪ್ರಕಟವಾದ ಅಧ್ಯಯನವು ಈ ರಕ್ತಸಂಬಂಧ ಪ್ರಜನನದ ದರವನ್ನು ಶೇ. 2ರಿಂದ 17 ಎಂದು ಅಂದಾಜಿಸಿತ್ತು. ಈ ನಷ್ಟ ಲೆಕ್ಕಪುಸ್ತಕದಲ್ಲಿ ಕಾಣದು. ರೋಗ ಬಂದಾಗ ಮಾತ್ರ ಗೋಚರಿಸುತ್ತದೆ.

ಪರಿಹಾರ ಮಾರ್ಗ

ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯು ನಾರ್ವೆಯ ಸಹಯೋಗದೊಂದಿಗೆ 1992ರಲ್ಲಿ ರೋಹು ತಳಿ ಸುಧಾರಣೆಯನ್ನು ಕೈಗೊಂಡಾಗ, ಗಂಗಾ, ಯಮುನಾ, ಬ್ರಹ್ಮಪುತ್ರ ಮೊದಲಾದ ನದಿಗಳ ಮೀನುಗಳನ್ನು ಸಂಗ್ರಹಿಸಿತು. ಇದರ ಫಲವಾದ ‘ಜಯಂತಿ ರೋಹು’ ತಳಿಯಲ್ಲಿ ಬೆಳವಣಿಗೆಯು ಪೀಳಿಗೆಗೆ ಸರಾಸರಿ ಶೇ. 17ರಷ್ಟು ಹೆಚ್ಚಿತು. ಏರೋಮೋನಾಸ್ ಬ್ಯಾಕ್ಟೀರಿಯಾದಿಂದ ಬರುವ ರೋಗವನ್ನು ತಡೆಯಬಲ್ಲ ಮೀನುಗಳ ಆಯ್ಕೆಯೂ ಮುಂದೆ ನಡೆಯಿತು. ಮೂಲದಲ್ಲಿ ವೈವಿಧ್ಯವಿದ್ದರೆ ಮಾತ್ರ ಇಂಥ ಆಯ್ಕೆ ಸಾಧ್ಯ.

ಸಣ್ಣ ಉತ್ಪಾದಕರು ಹೆಚ್ಚು ಜೋಡಿಗಳನ್ನು ಬಳಸುವುದು, ಪ್ರತಿ ಜೋಡಿಯ ಮರಿಗಳನ್ನೂ ಸಮನಾಗಿ ಉಳಿಸಿಕೊಳ್ಳುವುದು, ಕಾಲಕಾಲಕ್ಕೆ ಬೇರೆ ಮೂಲದ ತಾಯಿಮೀನುಗಳನ್ನು ತಂದು ಪ್ರತ್ಯೇಕವಾಗಿರಿಸಿ ಪರೀಕ್ಷಿಸಿದ ನಂತರ ಸೇರಿಸುವುದು, ಹಾಗೂ ಇವೆಲ್ಲದರ ದಾಖಲೆ ಇಡುವುದು ಸೂಕ್ತ. ಇದು ನೀರಿನ ಶುಚಿತ್ವಕ್ಕೆ ಪರ್ಯಾಯವಲ್ಲ. ಮರಿ ಕೊಳ್ಳುವವರು ದರದೊಂದಿಗೆ ತಾಯಿಮೀನುಗಳ ಮೂಲವನ್ನೂ ವಿಚಾರಿಸುವುದು ಉಭಯರಿಗೂ ಹಿತಕರ.