ಗೇರು ಉಲ್ಟಾ, ಗಾಡಿ ಪಲ್ಟಿ ಆಗದಿರಲಿ!

ಅಸೂಟಿ–ರೋಣ ರಸ್ತೆಗೆ ಇಳಿಯುವ ಬೈಕುಗಳ ಗೇರು ಒಂದೇ ತರಹ ಇಲ್ಲ. ಹಳೇ ಬುಲೆಟ್ಟಿಗೆ ಬಲಗಾಲು. ಮೊದಲ ಗೇರು ಮೇಲೆ, ಉಳಿದವು ಕೆಳಗೆ. 1996ರವರೆಗೆ ಮೈಸೂರಿನಲ್ಲಿ ತಯಾರಾದ ಯೆಜ್ಡಿಗೆ ಎಡಗಾಲು. ಮೊದಲನೆಯದು ಕೆಳಗೆ, ಉಳಿದವು ಮೇಲೆ. ಸ್ಪ್ಲೆಂಡರಿಗೆ ಎಲ್ಲಾ ಕೆಳಗೇ!

ಕೆಳಗೊತ್ತಿ ರೂಢಿಯಾದ ಕಾಲು ಮೇಲೆತ್ತು ಅಂದ್ರೆ ಕೇಳೀತೇ? ಅದಕ್ಕೇ ಕೆಲವರು ಗೇರು ಉಲ್ಟಾ ಮಾಡಿಸುತ್ತಾರೆ. ಲಿಂಕ್ ರಾಡಿನ ಗಾಡಿಯಾದರೆ ಶಾಫ್ಟಿನ ಸಣ್ಣ ತೋಳು ಬಿಚ್ಚಿ, ತಲೆಕೆಳಗು ಮಾಡಿ ಕೂಡಿಸಿದರಾಯಿತು. ರಾಡು ಎಲ್ಲಿಯೂ ತಾಗಬಾರದು.

ಅಪಾಯ ಇರುವುದು ಬೇರೆ ಕಡೆ. ಅಳಿಯನೋ ತಮ್ಮನೋ ‘ಚಾವಿ ಕೊಡ್ರಿ’ ಅಂತ ಒಯ್ದರೆ? ಓಟದಲ್ಲಿ ಗೇರು ಏರಿಸಲು ಹೋಗಿ ಇಳಿಸಿದರೆ ಹಿಂದಿನ ಗಾಲಿ ಗಕ್ಕನೆ ಹಿಡಿದು ಜಾರುತ್ತದೆ. ಉಲ್ಟಾ ಮಾಡಿಸಿದವರು ಟ್ಯಾಂಕಿನ ಮೇಲೆ ಗೇರಿನ ಕ್ರಮ ಬರೆಸಲಿ, ಚಾವಿ ಕೊಡುವಾಗ ಬಾಯಿಬಿಟ್ಟು ಹೇಳಲಿ. ಮೆಕ್ಯಾನಿಕ್ ತಿರುಗಿಸಿದ್ದು ತೋಳನ್ನು, ಮಂದಿಯ ಕಾಲನ್ನಲ್ಲ!