ನಿಂತ ಲಾರಿಗೆ ವಿದ್ಯುತ್ತು ಎಲ್ಲಿಂದ?



ಕೆಎ 45 ಎಂಬ ಸಂಖ್ಯಾಫಲಕವುಳ್ಳ ಲಾರಿಗಳನ್ನು ನೀವು ನೋಡಿರಬಹುದು. ಹುಣಸೂರಿನ ಸಾರಿಗೆ ಕಚೇರಿಯಲ್ಲಿ ನೋಂದಣಿಯಾದ ವಾಹನಗಳಿವು. ಹುಣಸೂರು, ಪಿರಿಯಾಪಟ್ಟಣಗಳ ತಂಬಾಕು, ಕೆ.ಆರ್. ನಗರದ ಅಕ್ಕಿ, ಎಚ್.ಡಿ. ಕೋಟೆಯ ಶುಂಠಿ ಇವೆಲ್ಲ ದೂರದ ಊರುಗಳನ್ನು ಸೇರುವುದು ಲಾರಿಗಳ ಮೂಲಕವೇ. ಲಾರಿ ಓಡುತ್ತಿರುವಾಗ ಅದರಲ್ಲಿ ವಿದ್ಯುತ್ತಿಗೆ ಕೊರತೆಯಿಲ್ಲ. ಎಂಜಿನ್ನು ಆಲ್ಟರ್ನೇಟರನ್ನು ತಿರುಗಿಸುತ್ತದೆ, ಅದು ಬ್ಯಾಟರಿಯನ್ನು ತುಂಬುತ್ತದೆ. ಆದರೆ ಚಾಲಕನು ಕ್ಯಾಬಿನ್ನಿನಲ್ಲೇ ಮಲಗಬೇಕಾದಾಗ, ಎಂಜಿನ್ನು ನಿಂತ ಮೇಲೆ, ಫ್ಯಾನು ತಿರುಗುವುದು ಯಾವುದರಿಂದ?

ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ಸೆಕೆಯಲ್ಲಿ, ಸೊಳ್ಳೆಯ ಕಾಟದಲ್ಲಿ ನಿದ್ದೆಗೆಟ್ಟ ಚಾಲಕನು ಮರುದಿನ ಹತ್ತಾರು ಟನ್ ಭಾರವನ್ನು ಹೆದ್ದಾರಿಯಲ್ಲಿ ನಡೆಸಬೇಕು. ಎದುರಿನಿಂದ ಬರುವ ಬಸ್ಸಿನಲ್ಲಿ ನೀವೂ ಇರಬಹುದು.

ಎಂಜಿನ್ ಓಡಿಸಿಕೊಂಡೇ ಇದ್ದರೆ?

ನಮ್ಮ ಸೀಮೆಯ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಎಚ್.ಡಿ. ಕೋಟೆಯಿಂದ ಅಂತರಸಂತೆ, ಬಾವಲಿ ಮಾರ್ಗವಾಗಿ ಕೇರಳದ ಮಾನಂದವಾಡಿಗೆ ಹೋಗುವ ರಸ್ತೆ ನಾಗರಹೊಳೆ ಕಾಡಿನೊಳಗೆ ಹಾದುಹೋಗುತ್ತದೆ. ವನ್ಯಪ್ರಾಣಿಗಳ ರಕ್ಷಣೆಗಾಗಿ ಅದನ್ನು ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತಾರೆ. ತಡವಾಗಿ ಬಂದ ಲಾರಿ ಒಂದೋ ಗೋಣಿಕೊಪ್ಪ, ಕುಟ್ಟದ ಕಡೆಯಿಂದ ಸುತ್ತಿಕೊಂಡು ಹೋಗಬೇಕು, ಇಲ್ಲವೇ ಬೆಳಗಿನವರೆಗೆ ಕಾಯಬೇಕು.

ಈ 12 ಗಂಟೆ ಎಂಜಿನ್ನನ್ನು ಸುಮ್ಮನೆ ಓಡಿಸಿಟ್ಟರೆ ಏನಾಗುತ್ತದೆ? ನಿಂತಲ್ಲೇ ಓಡುವ ಲಾರಿ ಎಂಜಿನ್ನು ತನ್ನ ಗಾತ್ರಕ್ಕೆ ತಕ್ಕಂತೆ ಗಂಟೆಗೆ ಸುಮಾರು 1ರಿಂದ 3 ಲೀಟರ್ ಡೀಸೆಲ್ ಕುಡಿಯುತ್ತದೆ. 2 ಲೀಟರ್ ಎಂದು ಹಿಡಿದರೆ ಒಂದು ರಾತ್ರಿಗೆ 24 ಲೀಟರ್. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 10 ಯೂನಿಟ್ ಶಕ್ತಿಯಿದೆ. ಅಂದರೆ ಒಟ್ಟು 240 ಯೂನಿಟ್. 20 ವ್ಯಾಟಿನ ಫ್ಯಾನು 12 ಗಂಟೆಯಲ್ಲಿ ಬಳಸುವುದು 240 ವ್ಯಾಟ್-ಗಂಟೆ, ಎಂದರೆ ಕಾಲು ಯೂನಿಟ್ಟಿಗಿಂತ ಕಡಿಮೆ. ಬೇಕಾದುದರ ಸಾವಿರ ಪಟ್ಟು ಶಕ್ತಿಯನ್ನು ಸುಟ್ಟಂತಾಯಿತು! ಹೊಗೆ, ಸದ್ದು, ಎಂಜಿನ್ನಿನ ಸವೆತ ಬೇರೆ. ಕಾಡಂಚಿನ ಮೌನವೂ ಕೆಡುತ್ತದೆ.

ಪೂರಕ ವಿದ್ಯುತ್ ಘಟಕ

ಇದಕ್ಕೆ ಪರಿಹಾರವಾಗಿ ಬಂದುದೇ ಪೂರಕ ವಿದ್ಯುತ್ ಘಟಕ. ಮುಖ್ಯ ಎಂಜಿನ್ನು ನಿಂತಿರುವಾಗ ವಿದ್ಯುತ್ತು ಒದಗಿಸುವ ಸಣ್ಣ ವ್ಯವಸ್ಥೆ ಇದು. ದೊಡ್ಡ ವಿಮಾನಗಳ ಬಾಲದಲ್ಲಿ ಇಂಥದೊಂದು ಪುಟ್ಟ ಟರ್ಬೈನ್ ಇರುತ್ತದೆ. ನಮ್ಮ ರೈಲ್ವೆಯೂ ಡೀಸೆಲ್ ಲೋಕೋಮೋಟಿವ್‌ಗಳಲ್ಲಿ ಇದನ್ನು ಅಳವಡಿಸಿದೆ. ನಿಂತ ಲೋಕೋಮೋಟಿವ್‌ನ ಮುಖ್ಯ ಎಂಜಿನ್ನು ಗಂಟೆಗೆ ಸುಮಾರು 25 ಲೀಟರ್ ಡೀಸೆಲ್ ಕೇಳಿದರೆ, ಪೂರಕ ಘಟಕಕ್ಕೆ ಸುಮಾರು 3 ಲೀಟರ್ ಸಾಕು.

ಲಾರಿಗೆ ಮೂರು ದಾರಿಗಳಿವೆ. ಒಂದು, ಗಂಟೆಗೆ ಸುಮಾರು ಒಂದು ಲೀಟರ್ ಡೀಸೆಲ್ ಬಳಸುವ ಪುಟ್ಟ ಎಂಜಿನ್ನು. ಎರಡು, ಓಡುವಾಗ ತುಂಬಿಕೊಂಡು ನಿಂತಾಗ ಕೊಡುವ ಪ್ರತ್ಯೇಕ ಬ್ಯಾಟರಿ. ಮೂರು, ಕ್ಯಾಬಿನ್ನಿನ ಮಾಡಿನ ಮೇಲಿನ ಸೌರಫಲಕ. ಇದು ಬ್ಯಾಟರಿಗೆ ಜೊತೆಗಾರನೇ ಹೊರತು ಒಂಟಿಯಾಗಿ ರಾತ್ರಿ ಕೆಲಸ ಮಾಡಲಾರದು.

ಮೊದಲು ಲೆಕ್ಕ, ಆಮೇಲೆ ಅಂಗಡಿ

ಕಿರುತೆರೆಯ ಮೇಲೆ ಅಂಕಿಗಳು ಬೇಗ ಸರಿದುಹೋಗುತ್ತವೆ. ಆದುದರಿಂದ ಲೆಕ್ಕವನ್ನು ಇಲ್ಲಿ ನಿಧಾನವಾಗಿ ಮಾಡೋಣ.

ಬಾವಲಿ ದಾರಿಯಲ್ಲಿ ಕಾಯುವ ಲಾರಿಗೆ ಫ್ಯಾನಿಗೆ 240, ದೀಪಕ್ಕೆ 20, ಮೊಬೈಲುಗಳಿಗೆ 40, ಒಟ್ಟು 300 ವ್ಯಾಟ್-ಗಂಟೆ ಬೇಕು. ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಪಡೆಯುತ್ತಾರೆ. ಅವು 100 ಆಂಪಿಯರ್-ಗಂಟೆಯವಾದರೆ ಒಟ್ಟು ಸಂಗ್ರಹ 2,400 ವ್ಯಾಟ್-ಗಂಟೆ. ನಮಗೆ ಬೇಕಾದುದು ಅದರ ಎಂಟನೆಯ ಒಂದು ಭಾಗ ಮಾತ್ರ! ಬ್ಯಾಟರಿ ಚೆನ್ನಾಗಿದ್ದರೆ ಹೊಸ ಯಂತ್ರವೇ ಬೇಡ. ಆದರೂ ಬೆಳಿಗ್ಗೆ ಎಂಜಿನ್ನನ್ನು ಎಬ್ಬಿಸುವ ಶಕ್ತಿ ಉಳಿಯಲೇಬೇಕು. ಆದಕಾರಣ ವೋಲ್ಟೇಜು ಸುಮಾರು 24ಕ್ಕೆ ಇಳಿದೊಡನೆ ಫ್ಯಾನಿನ ಸಂಪರ್ಕವನ್ನು ತಾನಾಗಿ ಕಡಿಯುವ ಸಾಧನವೊಂದಿರಲಿ. ಬ್ಯಾಟರಿ ಹಳೆಯದಾಗಿದ್ದರೆ 200 ವ್ಯಾಟಿನ ಸೌರಫಲಕ ನೆರವಾಗುತ್ತದೆ. ಒಳ್ಳೆಯ ಬಿಸಿಲಿನ ದಿನ ಅದು 800 ವ್ಯಾಟ್-ಗಂಟೆಯವರೆಗೂ ಕೊಡಬಲ್ಲುದು.

ಈಗ ಅದೇ ಎಚ್.ಡಿ. ಕೋಟೆಯ ಶುಂಠಿ ಲಾರಿ ಏಪ್ರಿಲ್‌ನಲ್ಲಿ ದೆಹಲಿಗೆ ಹೊರಟಿತೆನ್ನಿ. ದಾರಿಯಲ್ಲಿ ನಾಗಪುರ. ಅಲ್ಲಿ ಆಗ ಹಗಲಿನ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತದೆ; ಹವಾನಿಯಂತ್ರಕ ಬೇಕಾಗುತ್ತದೆ. ಹೊಸ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಇರಬೇಕೆಂಬ ಕೇಂದ್ರ ಸರ್ಕಾರದ ನಿಯಮ 2025ರಲ್ಲಿ ಜಾರಿಗೆ ಬಂದಿದೆ. ಆದರೆ ಮುಖ್ಯ ಎಂಜಿನ್ನಿಗೆ ಬೆಲ್ಟಿನಿಂದ ಜೋಡಿಸಿದ ಹವಾನಿಯಂತ್ರಕವು ಎಂಜಿನ್ನು ನಿಂತೊಡನೆ ತಾನೂ ನಿಲ್ಲುತ್ತದೆ. ಮಲಗುವ ಹೊತ್ತಿಗೆ ಬೇರೆಯೇ ವ್ಯವಸ್ಥೆ ಬೇಕು.

24 ವೋಲ್ಟಿನ ವಿದ್ಯುತ್ ಹವಾನಿಯಂತ್ರಕವು ಸರಾಸರಿ 400 ವ್ಯಾಟ್ ಬಳಸುತ್ತದೆ ಎನ್ನೋಣ. 10 ಗಂಟೆಗೆ 4,000 ವ್ಯಾಟ್-ಗಂಟೆ. ಲಾರಿಯ ಬ್ಯಾಟರಿಯಲ್ಲಿ ಅಷ್ಟಿಲ್ಲವೇ ಇಲ್ಲ. ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಅದರ ಆಯುಸ್ಸು ಕುಗ್ಗುವುದರಿಂದ 8,000 ವ್ಯಾಟ್-ಗಂಟೆಯ ಸಂಗ್ರಹ ಬೇಕು. ತೂಕ ಸುಮಾರು ಕಾಲು ಟನ್. ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಯನ್ನು ಶೇ. 80ರಷ್ಟು ಬಳಸಬಹುದು, 5,000 ವ್ಯಾಟ್-ಗಂಟೆ ಸಾಕು, ತೂಕ ಸುಮಾರು 50 ಕಿಲೋಗ್ರಾಂ. ಬೆಲೆ ಹೆಚ್ಚು, ಹೊರೆ ಕಡಿಮೆ. ಆಲ್ಟರ್ನೇಟರಿನಲ್ಲಿ 1,000 ವ್ಯಾಟ್ ಮಿಗುವುದಾದರೆ, ಅದು ಮತ್ತೆ ತುಂಬಲು ನಾಲ್ಕೈದು ಗಂಟೆಯ ಓಟ ಬೇಕು.

ದಿನವೂ ಅಷ್ಟು ಓಡುವ ಲಾರಿಗೆ ಬ್ಯಾಟರಿಯೇ ಸೂಕ್ತ. ಸರಕು ಇಳಿಸಲು ಎರಡು ಮೂರು ದಿನ ಒಂದೇ ಕಡೆ ಬಿಸಿಲಿನಲ್ಲಿ ಕಾಯುವ ಲಾರಿಗೆ ಪುಟ್ಟ ಡೀಸೆಲ್ ಎಂಜಿನ್ನು ಉತ್ತಮ. ಟ್ಯಾಂಕಿನಲ್ಲಿ ಡೀಸೆಲ್ ಇರುವವರೆಗೆ ಅದು ದುಡಿಯುತ್ತದೆ. ಆದರೆ ಅದಕ್ಕೂ ಎಣ್ಣೆ ಬದಲಾವಣೆ, ಫಿಲ್ಟರು, ದುರಸ್ತಿ ತಪ್ಪಿದ್ದಲ್ಲ.

ಮರೆಯಬಾರದ ಎಚ್ಚರಿಕೆಗಳು

ಡೀಸೆಲ್ ಘಟಕದ ಹೊಗೆ ಕ್ಯಾಬಿನ್ನಿಗೆ ನುಸುಳಕೂಡದು. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವನು ಏಳದೇ ಹೋಗಬಹುದು. ಮುಚ್ಚಿದ ಕ್ಯಾಬಿನ್ನಿನಲ್ಲಿ ಒಲೆ ಹಚ್ಚುವುದೂ ಅಷ್ಟೇ ಅಪಾಯ.

ತಂತಿಯಲ್ಲಿ ಹರಿಯುವ ವಿದ್ಯುತ್ತು ಎರಡು ಪಟ್ಟಾದರೆ ಅದರಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ನೀವು ಓದಿದ್ದೀರಿ. 600 ವ್ಯಾಟಿನ ಹೊರೆಗೆ 24 ವೋಲ್ಟಿನಲ್ಲಿ 25 ಆಂಪಿಯರ್ ಹರಿಯುತ್ತದೆ. ಫ್ಯಾನಿಗೆ ಹಾಕಿದ ಸಣ್ಣ ತಂತಿಯಲ್ಲಿ ಇದನ್ನು ಹರಿಸಿದರೆ ಬೆಂಕಿ ಖಂಡಿತ ದೂರವಿಲ್ಲ. ದಪ್ಪ ತಂತಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಇರಲಿ.

12 ವೋಲ್ಟಿನ ಸಾಧನಕ್ಕಾಗಿ ಎರಡು ಬ್ಯಾಟರಿಗಳ ಪೈಕಿ ಒಂದರಿಂದಲೇ ತಂತಿ ಎಳೆಯುವುದು ಕೆಟ್ಟ ರೂಢಿ. ಒಂದು ಬರಿದಾಗುತ್ತದೆ, ಇನ್ನೊಂದಕ್ಕೆ ಮಿತಿಮೀರಿ ತುಂಬುತ್ತದೆ, ಕೊನೆಗೆ ಎರಡೂ ಹಾಳಾಗುತ್ತವೆ. 24ನ್ನು 12ಕ್ಕೆ ಇಳಿಸುವ ಪರಿವರ್ತಕವನ್ನು ಬಳಸಬೇಕು. ಜೋಡಣೆಗೆ ಮುಂಚೆ ಲಾರಿ ತಯಾರಕರ ಮತ್ತು ಸಾರಿಗೆ ಕಚೇರಿಯ ನಿಯಮಗಳನ್ನು ವಿಚಾರಿಸುವುದು ಅಗತ್ಯ.

ಒಂದೇ ಊರಿನಿಂದ ಹೊರಟ ಎರಡು ಲಾರಿಗಳಿಗೆ ಎರಡು ಬೇರೆ ಉತ್ತರಗಳು ಬಂದುದನ್ನು ಗಮನಿಸಿದಿರಲ್ಲವೆ? ಯಾವ ಘಟಕ ಒಳ್ಳೆಯದು ಎಂದು ಕೇಳುವ ಮೊದಲು ಲಾರಿ ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಆಗ ಚಾಲಕನಿಗೆ ಏನೇನು ಬೇಕು ಎಂದು ಕೇಳಬೇಕು.

ಮಾಡಿ ನೋಡಿ

1. ನಿಮ್ಮೂರಿನ ಲಾರಿ ಚಾಲಕರೊಬ್ಬರನ್ನು ಮಾತನಾಡಿಸಿ, ಅವರು ರಾತ್ರಿ ಬಳಸುವ ಸಾಧನಗಳ ವ್ಯಾಟನ್ನೂ ಗಂಟೆಗಳನ್ನೂ ಬರೆದು ಗುಣಿಸಿ ಕೂಡಿರಿ.
2. ಬಂದ ಮೊತ್ತವನ್ನು 24ರಿಂದ ಭಾಗಿಸಿ, ಎಷ್ಟು ಆಂಪಿಯರ್-ಗಂಟೆ ಬೇಕೆಂದು ತಿಳಿಯಿರಿ.
3. ಅದು ಅವರ ಬ್ಯಾಟರಿಯ ಸಾಮರ್ಥ್ಯದ ಐದನೆಯ ಒಂದು ಭಾಗವನ್ನು ಮೀರುತ್ತದೆಯೇ? ಮೀರಿದರೆ ಮೇಲಿನ ಮೂರು ದಾರಿಗಳಲ್ಲಿ ಯಾವುದನ್ನು ಹೇಳುವಿರಿ, ಏಕೆ?