ಘಾಟಿ ದಾರಿಯಲ್ಲಿ ಸೈಕಲ್ ಜಿಪಿಎಸ್ ಲೆಕ್ಕ ತಪ್ಪಿದರೆ



ನೀಲಗಿರಿಯಲ್ಲಿ ಸೈಕಲ್ ತುಳಿಯುವ ನಮ್ಮ ಬಳಗದಲ್ಲಿ ಪದೇ ಪದೇ ಕೇಳಿಬರುವ ದೂರು ಒಂದಿದೆ: ಜೊತೆಯಾಗಿ ಒಂದೇ ದಾರಿ ಹತ್ತಿದರೂ ಇಬ್ಬರ ಜಿಪಿಎಸ್ ಮೀಟರ್‌ನಲ್ಲಿ ಎರಡು ಲೆಕ್ಕ. ಉಳಿದ ದೂರ ತಪ್ಪಾದರೆ ಕತ್ತಲಾಗುವುದರೊಳಗೆ ಊರು ಸೇರುವ ಅಂದಾಜೂ ತಪ್ಪುತ್ತದೆ. ಹೊಸದನ್ನು ಕೊಳ್ಳುವ ಮೊದಲು ಕಾರಣ ತಿಳಿಯೋಣ.

ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಸಿಕ್ಕರೆ ಜಿಪಿಎಸ್ ನಮ್ಮ ಜಾಗವನ್ನು ಸರಿಯಾಗಿ ಗುರುತಿಸುತ್ತದೆ. ಕಡಿದಾದ ಬೆಟ್ಟ, ದಟ್ಟ ಮರಗಳು ಇದಕ್ಕೆ ಅಡ್ಡಿ. ಹೊರಡುವ ಮುನ್ನ ಬಯಲಿನಲ್ಲಿ ಒಂದೆರಡು ನಿಮಿಷ ನಿಂತು ಸಂಕೇತ ಸಿಗಲು ಬಿಡಿ.

ಮೀಟರ್ ಬಿಟ್ಟು ಬಿಟ್ಟು ದಾಖಲಿಸಿದರೆ ಹೇರ್‌ಪಿನ್ ತಿರುವು ನೇರ ಗೆರೆಯಾಗಿ ದೂರ ಕಡಿಮೆ ಬರುತ್ತದೆ. ಪ್ರತಿ 1 ಸೆಕೆಂಡಿಗೆ ದಾಖಲಿಸುವಂತೆ ಇಡಿ. ಚಕ್ರಕ್ಕೆ ಸೆನ್ಸರ್ ಹಾಕಿದರೆ ಇನ್ನೂ ಒಳ್ಳೆಯದು. ಚಕ್ರ ಒಂದು ಸುತ್ತು ಉರುಳುವ ದೂರವನ್ನು ಟೇಪ್ ಹಿಡಿದು ಅಳೆದು ನಮೂದಿಸಿ.

ಹಲವು ಮೀಟರ್‌ಗಳು ಗಾಳಿಯ ಒತ್ತಡದಿಂದ ಎತ್ತರವನ್ನು ಲೆಕ್ಕ ಹಾಕುತ್ತವೆ. ಹವೆ ಕೆಟ್ಟು ಒತ್ತಡ ಇಳಿದರೆ ನಿಂತಲ್ಲೇ ಎತ್ತರ ಏರಿದಂತೆ ತೋರುತ್ತದೆ. ರೈಲು ನಿಲ್ದಾಣದ ನಾಮಫಲಕದಲ್ಲಿ ಸಮುದ್ರಮಟ್ಟದಿಂದ ಎತ್ತರ ಬರೆದಿರುತ್ತದೆ. ಕೂನೂರು, ಊಟಿಯಿಂದ ಹೊರಡುವವರು ನಿಲ್ದಾಣದಲ್ಲೇ ನಿಂತು ಅದಕ್ಕೆ ಸರಿಹೊಂದಿಸಿಕೊಳ್ಳಬಹುದು.

ಇಷ್ಟಾದರೂ ಮಂಜು ಕವಿದ ಹೊತ್ತಿನಲ್ಲೇ ಮೀಟರ್ ಕೈಕೊಡಬಹುದು. ದಾರಿಯ ಕವಲುಗಳನ್ನೂ ಊರುಗಳ ನಡುವಿನ ದೂರವನ್ನೂ ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಅನುಮಾನ ಬಂದರೆ ರಸ್ತೆ ಬದಿಯ ಕಿಲೋಮೀಟರ್ ಕಲ್ಲನ್ನೇ ನಂಬಿ. ಇಳಿಜಾರಿನಲ್ಲಂತೂ ಕಣ್ಣು ಮೀಟರ್ ಮೇಲಲ್ಲ, ರಸ್ತೆಯ ಮೇಲಿರಲಿ.